ಧ್ವಜಕ್ಕೆ ಬಿದ್ದ ನೇಕಾರನ ಗಂಟು

"ನೀವು ಮೊದಲು ಕ್ರಿಶ್ಚನ್ನರೋ, ಭಾರತೀಯರೋ?" ಎಂದು ನನ್ನನ್ನು ಕೇಳಿದವರೆಲ್ಲ ನಗುತ್ತಲೇ ಕೇಳಿದ್ದಾರೆ. ಕೈಯಲ್ಲಿ ಚಹಾದ ಕಪ್ಪು ಹಿಡಿದುಕೊಂಡು, ಮಳೆ ಬೆಳೆ ವಿಚಾರಿಸಿದಷ್ಟೇ ಹಗುರಾಗಿ. ಶಿರಹಟ್ಟಿಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಕೇಳಿದ್ದಾರೆ, ಮದುವೆಯ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ. ಮುಂಡರಗಿಗೆ ಚುನಾವಣೆಯ ಕೆಲಸಕ್ಕೆ ಹೋದಾಗ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಮಾಸ್ತರರೊಬ್ಬರೂ ಕೇಳಿದರು. ಆಗ ನಾನು ಮತದಾರರ ಬೆರಳಿಗೆ ಶಾಯಿ ಹಚ್ಚುತ್ತಿದ್ದೆ. ದೇಶದ ಕೆಲಸ ಮಾಡುತ್ತಾ ಕೂತವಳನ್ನು ನೀನು ಯಾವ ದೇಶದವಳು ಎಂದು ಕೇಳುವ ಧೈರ್ಯ ಬೇಕಲ್ಲ, ಅದು ಅವರಿಗಿತ್ತು. ಶಾಯಿ ಹಚ್ಚಿಸಿಕೊಳ್ಳುತ್ತಿದ್ದ ಮುದುಕಿಯನ್ನು ಅವರು ಹೀಗೆ ಕೇಳಲಿಲ್ಲ.

ನನಗೆ ಸಿಟ್ಟು ಬೇಗ ಬರುತ್ತದೆ. ಶಾಲೆಯ ಹುಡುಗಿಯರಿಗೂ ಇದು ಗೊತ್ತು. ಆದರೆ ಎರಡು ವರ್ಷದ ಹಿಂದಿನ ಆಗಸ್ಟ್ ಹದಿನೈದರಂದು ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅದು ಇಳಿಯಲಿ ಎಂದು ನಾನು ಪ್ರಾರ್ಥನೆ ಮಾಡಿದ್ದೂ ಇಲ್ಲ.

ನನ್ನ ಅಪ್ಪ ಬೆಟಗೇರಿಯ ನೇಕಾರ. ಅವನ ಅಜ್ಜನ ಕಾಲದಲ್ಲಿ ನಮ್ಮ ಮನೆತನ ಕ್ರೈಸ್ತರಾದದ್ದು. ಮನೆಯಲ್ಲಿ ದೇವರು ಬದಲಾದ, ಮಗ್ಗ ಬದಲಾಗಲಿಲ್ಲ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಅದೇ ಮಗ್ಗ, ಅದೇ ಸೀರೆ, ಅದೇ ಕೆಂಪು ದಡಿ. ಅಪ್ಪ ನೇಯ್ದ ಸೀರೆ ಉಟ್ಟು ಎಷ್ಟು ಹೆಣ್ಣುಮಕ್ಕಳು ಮದುವೆಯ ಅಕ್ಕಿಕಾಳು ಹಾಕಿಸಿಕೊಂಡರೋ, ಎಷ್ಟು ಸೀರೆಗಳನ್ನು ಲಕ್ಕುಂಡಿ, ಹೊಂಬಳದ ಕಡೆಯವರು ತಮ್ಮ ದೇವಿಯರಿಗೆ ಉಡಿಸಿದರೋ. ಆಗ ಯಾರೂ ನೂಲಿನ ಧರ್ಮ ಕೇಳಲಿಲ್ಲ.

ಓಣಿಯ ಕಟ್ಟೆಯ ಮುಂದೆ ಒಂದು ಧ್ವಜದ ಕಂಬವಿದೆ. ವರ್ಷಕ್ಕೆ ಎರಡು ಸಲ ಅದಕ್ಕೆ ಧ್ವಜ ಕಟ್ಟಿ ಸಿದ್ಧ ಮಾಡುವುದು ಅಪ್ಪನ ಕೆಲಸ. ಯಾರೂ ಅವನನ್ನು ನೇಮಿಸಿರಲಿಲ್ಲ. ಶಾಲೆಯಲ್ಲಿದ್ದಾಗ ಡ್ರಿಲ್ ಮಾಸ್ತರರು ಕಲಿಸಿದ್ದರಂತೆ, ಕೈ ಚೊಕ್ಕ ಇತ್ತು, ಹಾಗಾಗಿ ಮೂವತ್ತು ವರ್ಷ ಅವನ ಪಾಲಿಗೇ ಬಂದಿತ್ತು. ಬೆಳಿಗ್ಗೆ ಎದ್ದು ತಲೆಗೆ ನೀರು ಹಾಕಿಕೊಂಡು, ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ನಮ್ಮ ಹಿತ್ತಲಿನ ಚೆಂಡುಹೂವಿನ ಎಸಳುಗಳನ್ನು ಬುಟ್ಟಿಯಲ್ಲಿ ಹಾಕಿಕೊಂಡು ಹೋಗುತ್ತಿದ್ದ. ಧ್ವಜವನ್ನು ಮಡಿಕೆ ಮಾಡಿ, ಒಳಗೆ ಎಸಳು ತುಂಬಿ, ಸುರುಳಿ ಸುತ್ತಿ, ಅದರ ಮೇಲೆ ಹಗ್ಗದಿಂದ ಜಾರುಗಂಟು ಹಾಕಿ ಮೇಲಕ್ಕೆ ಏರಿಸುತ್ತಿದ್ದ. ಅತಿಥಿಗಳು ಕೆಳಗಿನಿಂದ ಒಂದು ಸಲ ಎಳೆದರೆ ಸಾಕು, ಗಂಟು ಜಾರಿ ಧ್ವಜ ಅರಳುತ್ತಿತ್ತು, ತಲೆಯ ಮೇಲೆ ಹೂವು ಬೀಳುತ್ತಿತ್ತು. ಆಮೇಲೆ ಹಂಚುವ ಬುಂದೆಯ ಉಂಡಿಗಳಲ್ಲಿ ಮೊದಲನೆಯದು ಅಪ್ಪನ ಕೈಗೆ.

ಅಪ್ಪ ಭಾನುವಾರ ಚರ್ಚಿಗೆ ಹೋಗುವಾಗಲೂ ಅದೇ ಬಿಳಿ ಅಂಗಿ. ಅಲ್ಲಿ ದೇಶಕ್ಕಾಗಿ, ದೇಶ ಆಳುವವರಿಗಾಗಿ ಪ್ರಾರ್ಥನೆ ಮಾಡದ ಭಾನುವಾರವನ್ನು ನಾನು ಕಂಡಿಲ್ಲ. ನಾವು ಓಟು ಹಾಕಿದವರು ಸೋತು, ನಮ್ಮನ್ನು ಬೈಯುವವರೇ ಗೆದ್ದರೂ ಗೆದ್ದವರಿಗೆ ಒಳ್ಳೆಯ ಬುದ್ಧಿ, ಒಳ್ಳೆಯ ಆರೋಗ್ಯ ಕೊಡು ಎಂದು ಬೇಡಿಕೊಳ್ಳುತ್ತೇವೆ. ನಮ್ಮ ನಂಬಿಕೆಗೂ ದೇಶಭಕ್ತಿಗೂ ಹೊಂದಾಣಿಕೆ ಆಗುತ್ತದೆಯೇ ಎಂದು ಕೇಳುವವರು ಒಂದು ಭಾನುವಾರ ಹಿಂದಿನ ಬೆಂಚಿನಲ್ಲಿ ಬಂದು ಕೂರಲಿ.

ಅಪ್ಪನಿಗೆ ಎರಡು ಮನೆ ಆಚೆ ಅವನ ಜೀವದ ಗೆಳೆಯ ಇದ್ದಾನೆ. ಅವನೂ ನೇಕಾರ, ಹಿಂದೂ, ವಯಸ್ಸಿನಲ್ಲಿ ಅಪ್ಪನಿಗಿಂತ ಚಿಕ್ಕವ. ನಾನು ಕಾಕಾ ಎಂದು ಕರೆಯುತ್ತೇನೆ, ಅವನ ಮಗ ನಮ್ಮಪ್ಪನನ್ನು ದೊಡ್ಡಪ್ಪ ಎನ್ನುತ್ತಿದ್ದ. ಆ ವರ್ಷ ಆಗಸ್ಟಿನಲ್ಲಿ ಕಾಕಾನ ಮಗ್ಗಕ್ಕೆ ಹೊಸ ಹಾಸು ಬಂದಿತ್ತು. ಹಾಸು ಎಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ನೂಲು. ಹಳೆಯ ಹಾಸಿನ ಒಂದೊಂದು ಎಳೆಗೂ ಹೊಸದರ ಒಂದೊಂದು ಎಳೆಯನ್ನು ಗಂಟು ಹಾಕಿ ಜೋಡಿಸಬೇಕು. ಆ ಗಂಟು ಸಾಸಿವೆಗಿಂತ ಸಣ್ಣದು, ಎಳೆದಷ್ಟೂ ಬಿಗಿಯಾಗುವುದು ಅದರ ಗುಣ. ಕಾಕಾನ ಬೆನ್ನು ನೋಯುತ್ತಿದ್ದದ್ದರಿಂದ ಅಪ್ಪ ಮೂರು ದಿನ ಅವನ ಮಗ್ಗದ ಮುಂದೆ ಕೂತು ಆ ಗಂಟುಗಳನ್ನು ಹಾಕಿದ. ಸಾವಿರಾರು ಗಂಟು. ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು, ಆದರೂ ಬೆರಳು ತಪ್ಪುತ್ತಿರಲಿಲ್ಲ. ಹದಿನಾಲ್ಕನೆಯ ತಾರೀಖು ಸಂಜೆ ಆ ಕೆಲಸ ಮುಗಿಯಿತು.

ಮರುದಿನ ಬೆಳಿಗ್ಗೆ ಅದೇ ಬೆರಳುಗಳು ಧ್ವಜ ಕಟ್ಟಿದವು. ಜಾರುಗಂಟು ಹಾಕಬೇಕಾದಲ್ಲಿ ನೇಕಾರನ ಗಂಟು ಬಿತ್ತು.

ನಮ್ಮ ಓಣಿಯ ಸಂಘದ ಅಧ್ಯಕ್ಷರು ಹಗ್ಗ ಎಳೆದರು. ಬಿಚ್ಚಲಿಲ್ಲ. ಮತ್ತೊಮ್ಮೆ ಜಗ್ಗಿದರು. ಅವರು ಜಗ್ಗಿದಷ್ಟೂ ಗಂಟು ಬಿಗಿಯಿತು. ಮಕ್ಕಳು ಕಿಸಿಕಿಸಿ ನಕ್ಕರು. ಇಷ್ಟಕ್ಕೇ ಮುಗಿಯಬೇಕಿತ್ತು. ಹಿಂದೊಂದು ಜನವರಿಯಲ್ಲಿ ಅಪ್ಪನಿಗೆ ಜ್ವರ ಬಂದು ಬೇರೆ ಯಾರೋ ಕಟ್ಟಿದ್ದಾಗ ಧ್ವಜ ಅರ್ಧಕ್ಕೇ ಜಾರಿ ಅಧ್ಯಕ್ಷರ ತಲೆಯ ಮೇಲೇ ಬಿದ್ದಿತ್ತು. ಎಲ್ಲರೂ ಹೊಟ್ಟೆ ಹಿಡಿದು ನಕ್ಕು, ಸರಿಪಡಿಸಿ, ಉಂಡಿ ತಿಂದು ಮನೆಗೆ ಹೋಗಿದ್ದರು. ಆ ಕಟ್ಟಿದವನನ್ನು ನಿನ್ನ ಜಾತಿ ಯಾವುದು, ನಿನ್ನ ದೇವರು ಯಾರು ಎಂದು ಯಾರೂ ಕೇಳಿರಲಿಲ್ಲ.

"ಏನ ಗಂಟ ಹಾಕೀರಿ ಇದು?" ಎಂದರು ಅಧ್ಯಕ್ಷರು.

"ಕೈ ತಪ್ಪೇತ್ರಿ. ಕೆಳಗ ಇಳಸ್ರಿ, ಒಂದ ನಿಮಿಷದಾಗ ಬಿಚ್ಚತೀನಿ," ಎಂದು ಅಪ್ಪ ಮುಂದೆ ಬಂದ.

ಆಗ ಕಾಕಾನ ಮಗ ಅಡ್ಡ ಬಂದ. ಮೂವತ್ತು ದಾಟಿದ ಗಂಡಸು, ಮೊಬೈಲ್ ಅಂಗಡಿ ಇಟ್ಟವನು. ಸಣ್ಣವನಿದ್ದಾಗ ನಮ್ಮ ಮಗ್ಗದ ಕುಣಿಯಲ್ಲಿ ಇಳಿದು ಆಡಿ, ನಮ್ಮವ್ವನ ಕೈಯ ರೊಟ್ಟಿ ತಿಂದು ಬೆಳೆದವನು. "ಮುಟ್ಟಬ್ಯಾಡ, ಸರಿ ಹಿಂದ! ಬೇಕಂತ ಮಾಡ್ಯಾನ ಇಂವಾ. ಇವರಿಗೆ ಧ್ವಜಾ ಅಂದ್ರ ಏನ ಕಿಮ್ಮತ್ತ ಐತಿ?" ಎಂದ. ದೊಡ್ಡಪ್ಪ ಎನ್ನುತ್ತಿದ್ದ ಬಾಯಲ್ಲಿ 'ಇಂವಾ' ಬಂತು. ಧ್ವಜವನ್ನು ತಾನೇ ಕೆಳಗೆ ಇಳಿಸಿ, ಕಿಸೆಯಿಂದ ಬ್ಲೇಡು ತೆಗೆದು ಗಂಟಿಗೆ ಹಾಕಿದ.

"ಕೊಯ್ಯಬ್ಯಾಡಪಾ, ಅರಿವಿಗೆ ಹತ್ತತೈತಿ," ಎಂದು ಅಪ್ಪ ಕೂಗಿದ. ಕೊಯ್ದೇಬಿಟ್ಟ. ಹಗ್ಗವೂ ತುಂಡಾಯಿತು, ಹಸಿರು ಪಟ್ಟಿಯಲ್ಲಿ ಎರಡು ಬೆರಳಿನಷ್ಟು ಬಟ್ಟೆಯೂ ಸೀಳಿತು. ಅದನ್ನು ಕಂಡವರು ನಾಲ್ಕೇ ಜನ: ಕೊಯ್ದವನು, ಅಪ್ಪ, ಕಾಕಾ, ನಾನು. ಅವನು ಸೀಳನ್ನು ಮಡಿಕೆಯೊಳಗೆ ಸೇರಿಸಿ ಗಡಬಡಿಸಿ ತಾನೇ ಕಟ್ಟಿ ಏರಿಸಿದ. ಧ್ವಜ ಹಾರಿತು, ಎಲ್ಲರೂ ರಾಷ್ಟ್ರಗೀತೆ ಹಾಡಿದೆವು. ಉಂಡಿಯ ತಾಟು ಅಪ್ಪನ ಮುಂದೆ ನಿಲ್ಲದೆ ಮುಂದಕ್ಕೆ ಹೋಯಿತು. ಅಪ್ಪ ಮುಂದೆ ಚಾಚಿದ್ದ ಕೈಯನ್ನು ಮೆಲ್ಲಗೆ ಕಿಸೆಗೆ ಇಳಿಸಿದ.

ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಎರಡು ದಿನದ ಮೇಲೆ ನಾನು ಗದಗಿನಿಂದ ಶಿರಹಟ್ಟಿಗೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಲಕ್ಷ್ಮೇಶ್ವರಕ್ಕೆ ಹೊರಟಿದ್ದ ಹೆಣ್ಣುಮಗಳು, ದಿನಾ ನೋಡಿ ಪರಿಚಯವಾದವಳು. ಫೋನನ್ನು ನನ್ನ ಮುಂದೆ ಹಿಡಿದಳು. "ನೋಡ್ರಿ ಬಾಯಾರ, ಈ ಕ್ರಿಶ್ಚನ್ ಮಂದಿ ಎಂಥಾ ಕೆಲಸಾ ಮಾಡ್ಯಾರ. ಧ್ವಜಾ ಬಿಚ್ಚಬಾರದಂಗ ಕಟ್ಟ್ಯಾರಂತ." ಪರದೆಯ ಮೇಲೆ ನಮ್ಮಪ್ಪ, ಬಿಳಿ ಅಂಗಿ, ಕೈ ಮುಂದೆ ಮಾಡಿಕೊಂಡು ಏನೋ ಹೇಳುತ್ತಿದ್ದಾನೆ. ಏನು ಹೇಳುತ್ತಿದ್ದಾನೆ ಎಂಬುದು ಕೇಳದಂತೆ ಮೇಲೆ ದೇಶಭಕ್ತಿಯ ಹಾಡು ಹಾಕಿದ್ದರು. ಬ್ಲೇಡಿನ ಭಾಗವನ್ನು ಕತ್ತರಿಸಿ ತೆಗೆದಿದ್ದರು.

"ಅವರು ನಮ್ಮಪ್ಪಾರು," ಎಂದೆ. ಆಕೆ ಫೋನನ್ನು ಚೀಲಕ್ಕೆ ಹಾಕಿಕೊಂಡಳು. ಮರುದಿನದಿಂದ ಅವಳು ಬೇರೆ ಸೀಟು ಹಿಡಿದಳು.

ಅದೇ ವಾರ ಚರ್ಚಿನ ಹಿರಿಯರೊಬ್ಬರು ಮನೆಗೆ ಬಂದರು. ಕುಂಡ್ರಿ ಅಂದರೂ ಕುಂಡ್ರಲಿಲ್ಲ. "ಒಂದ ಕ್ಷಮಾಪಣಿ ಪತ್ರ ಬರದ ಕೊಟ್ಟಬಿಡ್ರಿ ಬಾಯಾರ. ಸಂಘದಾವರಿಗೆ ಮುಟ್ಟಸ್ತೀನಿ. ಒಬ್ಬರ ತಪ್ಪಿನಿಂದ ನಮ್ಮ ಎಲ್ಲಾ ಮಂದಿಗೆ ತ್ರಾಸ ಆಗಬಾರದು." ನಾನು ಬರೆದೆ. ಇದನ್ನು ಹೇಳುವಾಗ ನನಗೆ ನನ್ನ ಮೇಲೇ ಸಿಟ್ಟು. ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದ ಕೈಯಿಂದ ಚೊಕ್ಕ ಅಕ್ಷರದಲ್ಲಿ, "ಕ್ರೈಸ್ತ ಸಮಾಜಕ್ಕೆ ಸೇರಿದ ನನ್ನಿಂದ ರಾಷ್ಟ್ರಧ್ವಜಕ್ಕೆ ಆದ ಅಚಾತುರ್ಯಕ್ಕೆ" ಎಂದು ಬರೆದು ಅಪ್ಪನ ಮುಂದೆ ಇಟ್ಟೆ. ಹೆದರಿಕೆ ನಮ್ಮನ್ನು ಎಷ್ಟು ಬೇಗ ಗುಮಾಸ್ತರನ್ನಾಗಿ ಮಾಡುತ್ತದೆ.

ಅಪ್ಪ ಚಷ್ಮಾ ಹಾಕಿಕೊಂಡು ಓದಿದ. 'ಕ್ರೈಸ್ತ ಸಮಾಜಕ್ಕೆ ಸೇರಿದ' ಎಂಬ ಮಾತುಗಳ ಮೇಲೆ ಗೀಟು ಎಳೆದ. ಮೇಲೆ 'ನೇಕಾರನಾದ' ಎಂದು ಬರೆದ.

"ತಪ್ಪ ಮಾಡಿದ್ದು ನನ್ನ ಕೈ ಬೇ. ಅದು ನೇಕಾರನ ಕೈ. ಯೇಸುಸ್ವಾಮಿನ್ನ ಯಾಕ ನಡಬರಕ ಎಳೀತಿ?" ಎಂದ.

ಹಿರಿಯರಿಗೆ ಇದು ಹಿಡಿಸಲಿಲ್ಲ. ಗೀಟು ಹಾಕಿದ ಕಾಗದ ನಡೆಯುವುದಿಲ್ಲ, ಮತ್ತೊಮ್ಮೆ ನೀಟಾಗಿ ಬರೆಯಿರಿ, ನಮ್ಮವರು ದೇಶಭಕ್ತರು ಅಂತಲೂ ಒಂದು ಸಾಲು ಇರಲಿ ಎಂದರು. ಅಪ್ಪ ಎರಡನೆಯದಕ್ಕೆ ಸಹಿ ಮಾಡಲಿಲ್ಲ. ಕೊನೆಗೆ ಅವರೇ ಚರ್ಚಿನ ಇಡೀ ಸಭೆಯ ಹೆಸರಿನಲ್ಲಿ ಒಂದು ಪತ್ರ ಕೊಟ್ಟು ಬಂದರು. ಎಳೆಗೂಸಿನಿಂದ ಹಿಡಿದು ಹಾಸಿಗೆ ಹಿಡಿದ ಮುದುಕಿಯವರೆಗೆ ನಾವೆಲ್ಲ ಕ್ಷಮೆ ಕೇಳಿದಂತಾಯಿತು.

ಅವರು ಹೋದ ಎರಡು ದಿನಕ್ಕೆ ಇನ್ನೊಬ್ಬ ಬಂದ. ಡೋಣಿಯ ಕಡೆ ಪ್ರಾರ್ಥನಾ ಕೂಟ ನಡೆಸುವ ಬೋಧಕ, ಕೈಯಲ್ಲಿ ದೊಡ್ಡ ಬೈಬಲ್. ಸಮಾಧಾನ ಹೇಳಲು ಬಂದ ಎಂದು ಚಹಾ ಇಟ್ಟೆ. "ಅಜ್ಜಾರ, ಇದು ಕರ್ತನು ನಿಮಗ ಕೊಟ್ಟ ಎಚ್ಚರಿಕಿ. ನಾವು ಪರಲೋಕದ ಮಂದಿ. ಬಟ್ಟಿಗೆ ಸೆಲ್ಯೂಟ್ ಹೊಡಿಯೂದು ಮೂರ್ತಿಪೂಜಾನ. ಈ ದೇಶ ಗೀಶ ನಮಗ್ಯಾಕ?" ಎಂದ.

ಆ ಇಡೀ ಹದಿನೈದು ದಿನದಲ್ಲಿ ಅಪ್ಪ ಸಿಟ್ಟಿಗೆದ್ದದ್ದು ಅದೊಂದೇ ಸಲ. "ಮಗ್ಗದ ಕುಣಿ ನೋಡೀಯೇನಪಾ? ಕಾಲು ಮಣ್ಣಾಗ ಇಳೀಲಿಲ್ಲಂದ್ರ ಮ್ಯಾಲ ಒಂದ ಎಳಿ ನೇಯಾಕ ಆಗೂದಿಲ್ಲ. ಪರಲೋಕಕ್ಕ ಹೋದಾಗ ಅಲ್ಲಿ ಏನ ಮಾಡೂದೋ ಅಲ್ಲೇ ಕೇಳತೀನಿ. ದೇವರು ನನ್ನ ಇಳಿಸಿದ್ದು ಬೆಟಗೇರ್‍ಯಾಗ. ಚಹಾ ಕುಡದ ಏಳು," ಎಂದ. ಅವನು ಚಹಾ ಕುಡಿಯದೇ ಎದ್ದ. ನನಗೆ ನಗು ಬಂತು, ಆಮೇಲೆ ಮೈ ಉರಿಯಿತು. ಓಣಿಯವರು ನೀವು ಈ ದೇಶದವರಲ್ಲ ಎನ್ನುತ್ತಾರೆ, ಇವನೂ ಹೌದು, ನಾವು ಈ ದೇಶದವರಲ್ಲ ಎಂದು ಅವರಿಗೇ ಸಾಕ್ಷಿ ಹೇಳುತ್ತಾನೆ. ಒಬ್ಬರನ್ನೊಬ್ಬರು ಕಂಡರಾಗದ ಈ ಎರಡು ಗುಂಪೂ ನಮ್ಮಪ್ಪನನ್ನು ಓಣಿಯಿಂದ ಹೊರಗೆ ಹಾಕುವ ವಿಷಯದಲ್ಲಿ ಮಾತ್ರ ಎಷ್ಟು ಅನ್ಯೋನ್ಯ.

ಆದರೆ ನನ್ನ ನಿಜವಾದ ಸಿಟ್ಟು ಕಾಕಾನ ಮೇಲೆ. ಒಂದು ಸಂಜೆ ಅವನ ಮನೆಗೇ ಹೋದೆ. ಅಪ್ಪ ಗಂಟು ಹಾಕಿ ಜೋಡಿಸಿದ ಅದೇ ಹಾಸಿನಲ್ಲಿ ಸೀರೆ ಆಗಲೇ ಅರ್ಧ ನೇಯ್ದಾಗಿತ್ತು.

"ಕಾಕಾ, ಆ ಗಂಟ ಏನಂತ ನಿನಗ ಗೊತ್ತಾಗಲಿಲ್ಲೇನು?"

ಅವನ ಕೈ ಲಾಳಿಯ ಮೇಲೇ ನಿಂತಿತು. "ನೋಡಿದ ಕೂಡಲೇ ಗೊತ್ತಾತವ್ವಾ. ನಾ ಕಟ್ಟಿದ್ರೂ ಅದ ಗಂಟ ಬೀಳತಿತ್ತು. ಮೂರ ದಿನಾ ಅದನ್ನ ಹಾಕಿದ ಕೈ ಮತ್ತೇನ ಹಾಕೀತು?"

"ಮತ್ತ ಹೇಳಲಿಲ್ಲ ಯಾಕ?"

"ನನ್ನ ಮಗಾ ಎದರಿಗೆ ನಿಂತಿದ್ದ," ಎಂದು ಮತ್ತೆ ನೇಯತೊಡಗಿದ. ನಾನು ಚಪ್ಪಲಿ ಮೆಟ್ಟಿಕೊಂಡು ಬಂದೆ. ಒಂದು ಮಾತು, ಒಂದೇ ಮಾತು ಅವನು ಆ ಬೆಳಿಗ್ಗೆ ಆಡಿದ್ದರೆ ಸಾಕಿತ್ತು. ಎಲ್ಲರೂ ನಕ್ಕು ಉಂಡಿ ತಿನ್ನುತ್ತಿದ್ದರು. ಹೊರಗಿನವರು ಬೈದದ್ದಕ್ಕಿಂತ ಮನೆಯವನಂತಿದ್ದವನು ಬಾಯಿ ಮುಚ್ಚಿಕೊಂಡದ್ದು ನನಗೆ ಹೆಚ್ಚು ಉರಿ ಹಚ್ಚಿತು. ಮರುವರ್ಷದ ಜನವರಿಯಲ್ಲಿ ಯಾರೂ ಅಪ್ಪನನ್ನು ಕರೆಯಲಿಲ್ಲ. ಮಳೆಯ ಮೋಡ ಇದೆ ಎಂಬ ನೆಪ ಹೇಳಿ ಆ ಸಲ ಧ್ವಜವನ್ನೂ ಹಾರಿಸಲಿಲ್ಲ. ಜನವರಿಯಲ್ಲಿ ಬೆಟಗೇರಿಯಲ್ಲಿ ಮೋಡ! ಕಾರಣ ಏನೆಂದು ನನಗೆ ಆಗಸ್ಟಿನಲ್ಲಿ ತಿಳಿಯಿತು.

ಕಳೆದ ವರ್ಷ ಆಗಸ್ಟ್ ಮೊದಲ ವಾರ, ಒಂದು ಭಾನುವಾರ, ಚರ್ಚಿನಿಂದ ಬಂದು ಊಟ ಮಾಡಿ ಕೂತಿದ್ದೆವು. ಕಾಕಾ ಬಂದ. ಕಂಕುಳಲ್ಲಿ ಒಂದು ಕೈಚೀಲ. ಒಂದು ವರ್ಷದ ಮೇಲೆ ನಮ್ಮ ಹೊಸ್ತಿಲು ದಾಟಿದ್ದ. ಚೀಲದಿಂದ ಧ್ವಜ ತೆಗೆದು ಅಪ್ಪನ ತೊಡೆಯ ಮೇಲೆ ಇಟ್ಟ.

"ಸೀಳು ದೊಡ್ಡದಾಗೇತಿ. ನನ್ನ ಮಗಾ ವರ್ಷಾತು, ಮುಚ್ಚಿ ಇಟ್ಟಾನ. ಈ ಸಲ ಹಾರಸಾಕ ಬೇಕು ಅಂತ ಎಲ್ಲಾರೂ ಕುಂತಾರ. ಬಿಚ್ಚಿದ್ರ ಯಾರು ಕೊಯ್ದ್ರು ಅಂತ ಕೇಳತಾರ, ಹೊಸಾದು ತಂದ್ರ ಹಳೇದು ಎಲ್ಲಿ ಅಂತಾರ. ಅಂವಾ ಉಳಿಯೂದಿಲ್ಲ. ನಿನ್ನ ಕೈ ಬಿಟ್ಟರ ಇದನ್ನ ಎಳಿಗೆ ಎಳಿ ಕೂಡಸಾವರು ಯಾರಿಲ್ಲೋ ದೋಸ್ತಾ," ಎಂದ.

ನಾನು ಎದ್ದು ನಿಂತೆ. "ಹರದ ಧ್ವಜಾ ಹಾರಸಬಾರದು ಕಾಕಾ, ನೇಮ ಐತಿ. ಹೋಗಿ ಖರೆ ಹೇಳ್ರಿ, ಹೊಸಾದು ತರಸ್ರಿ. ನಮ್ಮಪ್ಪನ ಕೈ ಹಗ್ಗಾ ಮುಟ್ಟಬಾರದು, ನಿಮ್ಮ ಮಗನ ತಪ್ಪ ಮುಚ್ಚಾಕ ಮಾತ್ರ ಬೇಕೇನು? ಅಂವಾ ಧ್ವಜಾ ಕೊಯ್ದಾನ. ನಮ್ಮಪ್ಪ ಬರೇ ಗಂಟ ಹಾಕಿದ್ದ!" ಓಣಿಗೆ ಕೇಳುವಷ್ಟು ಜೋರಾಗಿಯೇ ಹೇಳಿದೆ.

ಅಪ್ಪ ಆಗಲೇ ಸೀಳಿನ ಅಂಚನ್ನು ಬೆರಳಿನಿಂದ ತಡವುತ್ತಿದ್ದ. "ಸೂಜಿ ಡಬ್ಬಿ ತಾ," ಎಂದ.

ಮೂರು ಮಧ್ಯಾಹ್ನ ಅಪ್ಪ ಬಾಗಿಲ ಬೆಳಕಿಗೆ ಕೂತ. ಕಣ್ಣಿನ ಪೊರೆ ತೆಗೆಸಿದ್ದೆವು, ಕಾಣುತ್ತಿತ್ತು. ಧ್ವಜದ ಅಂಚಿನ ಮಡಿಕೆಯಿಂದಲೇ ಹಸಿರು ಎಳೆ ಹಿರಿದು, ಕಡಿದ ಒಂದೊಂದು ಎಳೆಗೂ ಎರಡೆರಡು ಗಂಟು ಹಾಕಿ ಕೂಡಿಸಿದ. ಅದೇ ಗಂಟು, ಎಳೆದಷ್ಟೂ ಬಿಗಿಯುವುದು. ನಾನು ಎದುರಿಗೇ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದೆ. ಸೀಳು, ಚಕ್ರ, ಅಪ್ಪನ ಕೈ ಮೂರೂ ಕಾಣುವಂತೆ. ಮೊದಲ ದಿನ ಸೀಳು ಪೂರ್ತಿ ಬಾಯಿಬಿಟ್ಟಿದ್ದಾಗಿನದೂ ಒಂದು ತೆಗೆದೆ.

"ಅದನ್ನ ಏನ ಮಾಡತಿ?" ಎಂದ ಅಪ್ಪ, ತಲೆ ಎತ್ತದೆ.

"ಅವರು ನಿನ್ನ ಊರೂರು ತಿರುಗಿಸಿದ್ರಲ್ಲ, ಇದೂ ತಿರುಗಲಿ."

"ಅಳಸ."

"ಯಾಕ ಅಳಸಬೇಕು? ನಿನ್ನ ಹೆಸರು ಹಂಗ ಉಳಿಬೇಕೇನು?"

"ಆ ಹುಡುಗನ್ನ ಹೊಡದು ಹಾಕತಾರ ಬೇ. ಧ್ವಜದ ಹೆಸರಿನ್ಯಾಗ ಅಂವಗೂ ಹಂಗ ಆಗೂದು ನನಗ ಬ್ಯಾಡ. ಅಳಸ."

ಧ್ವಜವನ್ನು ನಾನೇ ತೊಳೆದು ನೆರಳಿಗೆ ಒಣಗಿಸಿದೆ, ಅಪ್ಪ ಇಸ್ತ್ರಿ ಮಾಡಿದ. ಆಗಸ್ಟ್ ಹದಿನೈದರಂದು ಯಾರೂ ಅವನನ್ನು ಕರೆಯಲಿಲ್ಲ. ಅಪ್ಪ ಬಿಳಿ ಅಂಗಿ ತೊಟ್ಟು ನಮ್ಮ ಬಾಗಿಲಲ್ಲಿ ನಿಂತ. ಅಲ್ಲಿಂದ ಕಂಬದ ತುದಿ ಕಾಣುತ್ತದೆ. ಕಟ್ಟಿದ್ದು ಕಾಕಾನ ಮಗ. ಅಧ್ಯಕ್ಷರು ಎಳೆದರು, ಜಾರುಗಂಟು ಜಾರಿತು, ಧ್ವಜ ಅರಳಿತು. ನಾನು ಅದು ಸಿಕ್ಕಿಹಾಕಿಕೊಳ್ಳಲಿ ಎಂದು ಕಾಯುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ಅಪ್ಪ ಉಸಿರು ಬಿಟ್ಟು, "ಬಿಚ್ಚಿತಲ್ಲ, ಸಾಕು," ಎಂದ. ರಾಷ್ಟ್ರಗೀತೆ ಮುಗಿಯುವವರೆಗೆ ನೆಟ್ಟಗೆ ನಿಂತ. ಹಸಿರು ಪಟ್ಟಿಯ ಗಂಟುಗಳು ಅಷ್ಟು ದೂರಕ್ಕೆ ಯಾರಿಗೂ ಕಾಣುವಂತಿರಲಿಲ್ಲ.

ಈಗಲೂ ಭಾನುವಾರ ನಾವಿಬ್ಬರೂ ಒಂದೇ ಬೆಂಚಿನಲ್ಲಿ ನಿಲ್ಲುತ್ತೇವೆ. ದೇಶಕ್ಕಾಗಿ ಮಾಡುವ ಪ್ರಾರ್ಥನೆಗೆ ನಾನೂ ಆಮೆನ್ ಅನ್ನುತ್ತೇನೆ, ಮನಸ್ಸಿಟ್ಟೇ ಅನ್ನುತ್ತೇನೆ. ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುವ ಮಾತು ಬಂದಾಗ ಅಪ್ಪನ ದನಿ ಉಳಿದವರಿಗಿಂತ ಎತ್ತರದಲ್ಲಿ ಕೇಳುತ್ತದೆ. ಅಲ್ಲಿ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಫೋಟೊ ಅಳಿಸಿದ್ದೇನೆ ಎಂದು ಅಪ್ಪನಿಗೆ ಹೇಳಿದ್ದೇನೆ. ಅಳಿಸಿಲ್ಲ.